ಅಂತರ್ಜಾಲದ ಕಿಡಿಗೇಡಿಗಳು ಮತ್ತು ವರ್ತಕರ ಪತ್ತು

ವರ್ತಕನ ಆಸ್ತಿಗಳಲ್ಲಿ ಅಢಾವೆ ಪತ್ರಿಕೆಯಲ್ಲಿ ಕಾಣಸಿಗದ ಆಸ್ತಿಯೊಂದುಂಟು. ಅದೇ ಅವನ ಪತ್ತು. ಸಂಸ್ಥೆಯೊಂದು ತನ್ನ ನಡತೆಯಿಂದ ತಾನೇ ಗಳಿಸಿಕೊಂಡ ಕೀರ್ತಿಮೌಲ್ಯವನ್ನು ಆಸ್ತಿಯೆಂದು ತೋರಿಸಕೂಡದೆಂದು 26ನೆಯ ಲೆಕ್ಕಪತ್ರ ಮಾನಕವು ವಿಧಿಸಿದೆ. ಹೀಗಾಗಿ ಮೂವತ್ತು ವರ್ಷಗಳ ಕಾಲ ಹೇಳಿದ ದಿನಕ್ಕೆ ಹಣ ಸಂದಾಯ ಮಾಡಿದ ಅಂಗಡಿಯ ಹೆಸರಿಗೆ ಪುಸ್ತಕದಲ್ಲಿರುವ ಬೆಲೆ ಸೊನ್ನೆ. ಆದರೆ ಆ ಹೆಸರಿಗೆ ಕುಂದು ಬಂದ ದಿನ ಪುಸ್ತಕದ ಪ್ರತಿಯೊಂದು ಪುಟವೂ ಅದರ ಪರಿಣಾಮವನ್ನು ತೋರಿಸತೊಡಗುತ್ತದೆ. ಉದ್ದರಿ ಕೊಡುತ್ತಿದ್ದವರು ಮುಂಗಡ ಕೇಳುತ್ತಾರೆ. ಬಾಕಿ ಕೊಡಬೇಕಾದವರು ತಡಮಾಡುತ್ತಾರೆ.

ಹಿಂದೆ ಪತ್ತಿನ ಕುರಿತ ಮಾತುಗಳು ಮಂಡಿಯ ಜಗಲಿಯ ಮೇಲೆ, ದಲ್ಲಾಳಿಗಳ ನಡುವೆ, ಮದುವೆ ಮನೆಯ ಪಂಕ್ತಿಯಲ್ಲಿ ನಡೆಯುತ್ತಿದ್ದವು. ಆಡಿದವನ ಮುಖ ಕೇಳಿದವನಿಗೆ ಕಾಣುತ್ತಿತ್ತು; ಆತ ಎಂಥವನೆಂಬುದೂ ತಿಳಿದಿರುತ್ತಿತ್ತು. ಇಂದು ಅದೇ ಮಾತು ವರ್ತಕರ ವಾಟ್ಸ್‌ಆ್ಯಪ್ ಬಳಗಗಳಲ್ಲಿ, ಫೇಸ್‌ಬುಕ್ ಪುಟಗಳಲ್ಲಿ, ಗೂಗಲ್ ನಕಾಶೆಯಲ್ಲಿ ಅಂಗಡಿಯ ಹೆಸರಿನ ಕೆಳಗೆ ಬರುವ ಅಭಿಪ್ರಾಯಗಳಲ್ಲಿ ನಡೆಯುತ್ತಿದೆ. ಆಡಿದವನು ಯಾರೆಂದು ತಿಳಿಯುವುದಿಲ್ಲ. ಕೇಳಿದವರು ಎಷ್ಟು ಮಂದಿಯೆಂದೂ ತಿಳಿಯುವುದಿಲ್ಲ. ಈ ಹೊಸ ಜಗಲಿಯಲ್ಲಿ ಕಾಣಿಸಿಕೊಳ್ಳುವ ಕಿಡಿಗೇಡಿಗಳನ್ನು, ಅಂದರೆ 'ಟ್ರೋಲ್'ಗಳೆಂದು ಕರೆಯಲ್ಪಡುವವರನ್ನು, ಗುರುತಿಸುವುದು ಹಾಗೂ ನಿಭಾಯಿಸುವುದು ಹೇಗೆಂಬುದನ್ನು ಸದಸ್ಯ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

ಒಂದು ರಾತ್ರಿಯ ಪ್ರಸಂಗ

ನನ್ನ ಕಕ್ಷಿದಾರರಲ್ಲಿ ಒಬ್ಬರು ಕಬ್ಬಿಣದ ಸಾಮಾನಿನ ಸಗಟು ವ್ಯಾಪಾರಿಗಳು. ಅವರ ಒಪ್ಪಿಗೆ ಪಡೆದು, ಗುರುತು ಹೇಳದೆ, ನಡೆದ ಸಂಗತಿಯನ್ನು ತಿಳಿಸುತ್ತೇನೆ. ಒಂದು ರಾತ್ರಿ ಹತ್ತು ಗಂಟೆಯ ಸುಮಾರಿಗೆ ವರ್ತಕರ ಬಳಗವೊಂದರಲ್ಲಿ, ಯಾರ ಪರಿಚಯಕ್ಕೂ ಸಿಗದ ಸಂಖ್ಯೆಯಿಂದ ಒಂದು ಸಾಲಿನ ಸಂದೇಶ ಬಂತು. ಇಂಥ ಅಂಗಡಿಯವರ ಚೆಕ್ಕುಗಳು ವಾಪಸು ಬರುತ್ತಿವೆಯಂತೆ, ಯಾರಿಗಾದರೂ ತಿಳಿದಿದೆಯೇ ಎಂಬ ಪ್ರಶ್ನೆ ಅದರಲ್ಲಿತ್ತು. ನೇರವಾದ ಆರೋಪವಲ್ಲ, ಕೇವಲ ಪ್ರಶ್ನೆ.

ನಮ್ಮ ಕಕ್ಷಿದಾರರಿಗೆ ಕೋಪ ಬಂತು. ಬಾರದೆ ಇರುವುದು ಹೇಗೆ? ಅವರ ಚೆಕ್ಕು ಒಂದೂ ವಾಪಸಾಗಿರಲಿಲ್ಲ. ಬ್ಯಾಂಕಿನ ಲೆಕ್ಕಪಟ್ಟಿಯನ್ನು ನಾನೇ ಪರಿಶೀಲಿಸಿದವನು. ಮಧ್ಯರಾತ್ರಿಯೊಳಗೆ ಅವರು ಹನ್ನೊಂದು ಸಂದೇಶಗಳನ್ನು ಬರೆದರು. ಮೊದಲನೆಯದರಲ್ಲಿ ನಿರಾಕರಣೆ, ನಾಲ್ಕನೆಯದರಲ್ಲಿ ಸ್ಪರ್ಧಿಯೊಬ್ಬರ ಮೇಲೆ ಅನುಮಾನ, ಎಂಟನೆಯದರಲ್ಲಿ ಬೈಗುಳ. ಆ ಅಪರಿಚಿತನು ಪ್ರತಿಯೊಂದಕ್ಕೂ ನಗುವ ಮುಖದ ಚಿತ್ರವೊಂದನ್ನು ಮಾತ್ರ ಕಳುಹಿಸುತ್ತಿದ್ದನು. ಮೊದಲ ಸಂದೇಶವನ್ನು ನೋಡದೆ ಮಲಗಿದ್ದ ಸದಸ್ಯರೆಲ್ಲರೂ ಬೆಳಗಾಗುವಷ್ಟರಲ್ಲಿ ಇಡೀ ಜಗಳವನ್ನು ಓದಿದ್ದರು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಅಷ್ಟು ದೀರ್ಘವಾದ ನಿರಾಕರಣೆಯೇ ಅನುಮಾನಕ್ಕೆ ಎಡೆಮಾಡಿಕೊಟ್ಟಿತು. ಮೂರನೆಯ ದಿನ, ಮೂವತ್ತು ದಿನಗಳ ಉದ್ದರಿಯ ಮೇಲೆ ಸರಕು ಕಳುಹಿಸುತ್ತಿದ್ದ ಪೂರೈಕೆದಾರರೊಬ್ಬರು ಮುಂದಿನ ಲೋಡಿಗೆ ಮುಂಗಡ ಕೇಳಿದರು.

ಇದರ ಲೆಕ್ಕವನ್ನು ಉದಾಹರಣೆಯಾಗಿ ನೋಡೋಣ. ತಿಂಗಳಿಗೆ 6 ಲಕ್ಷ ರೂಪಾಯಿಗಳ ಸರಕನ್ನು ಮೂವತ್ತು ದಿನಗಳ ಉದ್ದರಿಯಲ್ಲಿ ತರುವ ವರ್ತಕನು ನಗದಿಗೆ ಬಂದು ನಿಂತರೆ, ಆತ ಒಮ್ಮೆಗೇ 6 ಲಕ್ಷ ರೂಪಾಯಿಗಳ ಹೆಚ್ಚುವರಿ ದುಡಿಯುವ ಬಂಡವಾಳವನ್ನು ಹೊಂದಿಸಬೇಕಾಗುತ್ತದೆ. ವಾರ್ಷಿಕ ಶೇಕಡ 12ರ ಬಡ್ಡಿಯಂತೆ ಅದರ ಭಾರ ವರ್ಷಕ್ಕೆ 72,000 ರೂಪಾಯಿ. ಒಂದು ಸಾಲಿನ ಪ್ರಶ್ನೆಗೆ ತೆರಬೇಕಾದ ಬೆಲೆ ಇಷ್ಟು.

'ಟ್ರೋಲ್' ಎಂದರೆ ಯಾರು?

ಈ ಪದವು ಅಂತರ್ಜಾಲದ ವ್ಯವಹಾರದಲ್ಲಿ ಬಳಕೆಗೆ ಬಂದದ್ದು 1990ರ ದಶಕದ ಆರಂಭದಲ್ಲಿ, ಯೂಸ್‌ನೆಟ್ ಎಂಬ ಚರ್ಚಾಜಾಲದಲ್ಲಿ. ಚಲಿಸುವ ದೋಣಿಯ ಹಿಂದೆ ಎರೆ ಕಟ್ಟಿದ ದಾರವನ್ನು ಎಳೆಯುತ್ತ ಮೀನು ಹಿಡಿಯುವ ವಿಧಾನಕ್ಕೆ ಇಂಗ್ಲಿಷಿನಲ್ಲಿ ಟ್ರೋಲಿಂಗ್ ಎನ್ನುತ್ತಾರೆ. ಸ್ಕ್ಯಾಂಡಿನೇವಿಯಾದ ಜನಪದ ಕಥೆಗಳಲ್ಲಿ ಬರುವ ಟ್ರೋಲ್ ಎಂಬ ವಿಕಾರ ಜೀವಿಯ ಅರ್ಥವೂ ಇದರೊಂದಿಗೆ ಸೇರಿಕೊಂಡಿದೆ. ನಮ್ಮ ನುಡಿಯಲ್ಲಿಯೂ 'ಗಾಳ ಹಾಕುವುದು' ಎಂಬ ಮಾತು ಇದ್ದೇ ಇದೆ. ಗಾಳ ಹಾಕಿದವನಿಗೆ ಎರೆಯ ಮೇಲೆ ಪ್ರೀತಿಯಿರುವುದಿಲ್ಲ. ಮೀನು ಕಚ್ಚಬೇಕು, ಅಷ್ಟೇ. ಅಂತೆಯೇ ಕಿಡಿಗೇಡಿಗೆ ತಾನು ಆಡಿದ ಮಾತಿನ ಸತ್ಯಾಸತ್ಯತೆ ಮುಖ್ಯವಲ್ಲ. ಎದುರಿನವರು ಕೆರಳಿ ಉತ್ತರಿಸಬೇಕು ಎಂಬುದೇ ಅವನ ಗುರಿ.

ಇಂಥವರು ಹೀಗೇಕೆ ಮಾಡುತ್ತಾರೆಂಬುದರ ಮೇಲೆ ಅಧ್ಯಯನಗಳೂ ನಡೆದಿವೆ. 2014ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞರಾದ ಬಕಲ್ಸ್, ಟ್ರ್ಯಾಪ್ನೆಲ್ ಹಾಗೂ ಪಾಲ್‌ಹಸ್ ಅವರು ಪ್ರಕಟಿಸಿದ ಅಧ್ಯಯನವು, ಈ ಚಟುವಟಿಕೆಯಲ್ಲಿ ಸಂತೋಷಪಡುವವರಿಗೂ ಪರರ ನೋವಿನಲ್ಲಿ ಸುಖ ಕಾಣುವ ಸ್ವಭಾವಕ್ಕೂ ನಂಟಿರುವುದನ್ನು ತೋರಿಸಿತು. ಆದರೆ 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು ಹೊರಗೆಡವಿದ ಸಂಗತಿ ನಮಗೆ ಹೆಚ್ಚು ಉಪಯುಕ್ತ. ಅವರು ಸಾಮಾನ್ಯ ಜನರಿಗೆ ಮೊದಲು ಸುಲಭವಾದ ಅಥವಾ ಕಠಿಣವಾದ ಪರೀಕ್ಷೆಯೊಂದನ್ನು ಕೊಟ್ಟು, ಬಳಿಕ ಚರ್ಚೆಯೊಂದರಲ್ಲಿ ಬರೆಯಲು ಬಿಟ್ಟರು. ಮನಸ್ಸು ಪ್ರಸನ್ನವಾಗಿದ್ದು, ಮೇಲಿನ ಬರಹಗಳೂ ಸಭ್ಯವಾಗಿದ್ದಾಗ ಕಿಡಿಗೇಡಿತನದ ಬರಹಗಳ ಪ್ರಮಾಣ ಶೇಕಡ 35 ಇತ್ತು. ಮನಸ್ಸು ಕೆಟ್ಟಿದ್ದು, ಮೇಲೆ ಈಗಾಗಲೇ ಕೆಟ್ಟ ಬರಹಗಳಿದ್ದಾಗ ಅದು ಶೇಕಡ 68ಕ್ಕೆ ಏರಿತು. ಅಂದರೆ ಕಿಡಿಗೇಡಿಗಳು ಹುಟ್ಟುವುದಷ್ಟೇ ಅಲ್ಲ, ತಯಾರೂ ಆಗುತ್ತಾರೆ. ದಣಿದ ಮನಸ್ಸು ಮತ್ತು ಎದುರಿಗಿರುವ ಕೆಟ್ಟ ಮೇಲ್ಪಂಕ್ತಿ ಎರಡೂ ಕೂಡಿದರೆ ಒಳ್ಳೆಯ ವರ್ತಕನೂ ರಾತ್ರಿ ಹನ್ನೊಂದು ಗಂಟೆಗೆ ಕಿಡಿಗೇಡಿಯಾಗಬಲ್ಲನು. ನಮ್ಮ ಕಕ್ಷಿದಾರರ ಎಂಟನೆಯ ಸಂದೇಶವನ್ನು ಮಾತ್ರ ಓದಿದವನಿಗೆ, ಅಲ್ಲಿ ಕಿಡಿಗೇಡಿ ಯಾರೆಂದು ಹೇಳುವುದು ಕಷ್ಟವಾಗುತ್ತಿತ್ತು.

ನಾನೇ ಮಾಡಿದ ತಪ್ಪು

ಪರರ ತಪ್ಪನ್ನು ಹೇಳಿದ ಮೇಲೆ ನನ್ನದನ್ನೂ ಹೇಳುವುದು ನ್ಯಾಯ. ಮನೆಬಳಕೆಯ ಹಿಟ್ಟಿನ ಗಿರಣಿಗಳನ್ನು ತಯಾರಿಸುವ ಸಣ್ಣ ಉದ್ದಿಮೆದಾರರೊಬ್ಬರು ಒಮ್ಮೆ ನನ್ನ ಕಚೇರಿಗೆ ಬಂದು, ಮೊಬೈಲಿನಲ್ಲಿ ತಮ್ಮ ಸಂಸ್ಥೆಯ ಹೆಸರಿನಡಿ ಬಂದಿದ್ದ ಅಭಿಪ್ರಾಯವೊಂದನ್ನು ತೋರಿಸಿದರು. ಒಂದೇ ನಕ್ಷತ್ರ, ಹಿಟ್ಟಿನಲ್ಲಿ ಕಲ್ಲಿನ ಪುಡಿ ಬರುತ್ತದೆ, ಹಲ್ಲಿಗೆ ಸಿಗುತ್ತದೆ ಎಂಬ ಎರಡು ಮಾತು. ಬರೆದವರ ಹೆಸರಿನ ಜಾಗದಲ್ಲಿ ಎರಡು ಅಕ್ಷರಗಳು ಮಾತ್ರ, ಭಾವಚಿತ್ರವಿಲ್ಲ. ಇದು ಸ್ಪರ್ಧಿಗಳ ಕೆಲಸವೆಂದು ನಾವಿಬ್ಬರೂ ಕ್ಷಣಮಾತ್ರದಲ್ಲಿ ತೀರ್ಮಾನಿಸಿದೆವು. ಮಾನನಷ್ಟ ಮೊಕದ್ದಮೆ ಹೂಡಲಾಗುವುದೆಂಬ ಉತ್ತರದ ಕರಡನ್ನು ನಾನೇ ಬರೆದುಕೊಟ್ಟೆನು.

ಎರಡು ವಾರಗಳ ನಂತರ ಬೇರೊಂದು ಊರಿನ ವಿತರಕರಿಂದ ಅದೇ ದೂರು ಬಂತು. ಒಂದೇ ಕಂತಿನಲ್ಲಿ ತರಿಸಿದ ಬೀಸುಕಲ್ಲುಗಳು ಸಡಿಲವಾಗಿದ್ದವು. ಎರಡು ಅಕ್ಷರದ ಹೆಸರಿನವರು ನಿವೃತ್ತ ಶಾಲಾ ಶಿಕ್ಷಕಿ. ಗಿರಣಿ ಕೊಂಡ ಬಿಲ್ಲು ಅವರ ಬಳಿ ಭದ್ರವಾಗಿತ್ತು. ಉದ್ದಿಮೆದಾರರು ಕಲ್ಲನ್ನು ಬದಲಾಯಿಸಿಕೊಡಲು ತಾವೇ ಅವರ ಮನೆಗೆ ಹೋದರು. ಆ ತಾಯಿ ಹೇಳಿದ ಮಾತನ್ನು ಬಂದು ನನಗೂ ತಿಳಿಸಿದರು: "ಅಲ್ಲಪ್ಪಾ, ಗಿರಣಿ ಸರಿಮಾಡಿಕೊಡಿ ಎಂದು ನಾನು ಬರೆದರೆ ನೀವು ಕೋರ್ಟಿಗೆ ಕರೆದಿರಲ್ಲ!"

ಓಚರ್ ಇಲ್ಲದೆ ಒಂದು ರೂಪಾಯಿಯ ಖರ್ಚನ್ನೂ ಒಪ್ಪದ ನಾನು, ಓಚರ್ ಕೇಳದೆಯೇ ಒಬ್ಬ ಗ್ರಾಹಕರನ್ನು ಕಿಡಿಗೇಡಿಯೆಂದು ಖರ್ಚು ಬರೆದುಬಿಟ್ಟಿದ್ದೆನು. ಕಿಡಿಗೇಡಿಯನ್ನು ದೂರುದಾರನೆಂದು ಭಾವಿಸಿದರೆ ಒಂದಿಷ್ಟು ಸಮಯ ವ್ಯರ್ಥವಾಗಬಹುದು. ದೂರುದಾರನನ್ನು ಕಿಡಿಗೇಡಿಯೆಂದು ಭಾವಿಸಿದರೆ ಗ್ರಾಹಕನೂ ಹೋಗುತ್ತಾನೆ, ಸರಕಿನ ದೋಷವೂ ಮುಚ್ಚಿಹೋಗುತ್ತದೆ. ಎರಡನೆಯ ತಪ್ಪೇ ಹೆಚ್ಚು ದುಬಾರಿ ಎಂಬುದನ್ನು ಗಮನಿಸಬೇಕು.

ವಿಂಗಡಿಸುವ ಕ್ರಮ

ಬರಬೇಕಾದ ಬಾಕಿಗಳನ್ನು ನಾವು ವಸೂಲಾಗುವ ಬಾಕಿ, ಸಂಶಯಾಸ್ಪದ ಬಾಕಿ, ಮುಳುಗಿದ ಬಾಕಿ ಎಂದು ವಿಂಗಡಿಸುತ್ತೇವಷ್ಟೇ. ಅಂತರ್ಜಾಲದಲ್ಲಿ ನಮ್ಮ ವಿರುದ್ಧ ಬರುವ ಮಾತುಗಳನ್ನೂ ಹಾಗೆಯೇ ನಾಲ್ಕು ಬಗೆಯಾಗಿ ವಿಂಗಡಿಸಬಹುದು: ನಿಜವಾದ ದೂರು, ಪ್ರಾಮಾಣಿಕವಾದ ಭಿನ್ನಾಭಿಪ್ರಾಯ, ಕಿಡಿಗೇಡಿತನ, ಹಣ ಸುಲಿಯುವ ಅಥವಾ ವ್ಯಾಪಾರ ಕೆಡಿಸುವ ಉದ್ದೇಶದ ದುಷ್ಕೃತ್ಯ. ಈ ವಿಂಗಡಣೆಗೆ ಐದು ಪ್ರಶ್ನೆಗಳು ನೆರವಾಗುತ್ತವೆ.

1. ಮಾತಿನಲ್ಲಿ ನಿರ್ದಿಷ್ಟತೆ ಇದೆಯೇ? ದೂರುದಾರನು ಸರಕು, ದಿನ, ಬೆಲೆ, ದೋಷ ಇವುಗಳಲ್ಲಿ ಒಂದನ್ನಾದರೂ ಹೇಳುತ್ತಾನೆ. ಕಿಡಿಗೇಡಿಯು 'ಎಲ್ಲರಿಗೂ ಗೊತ್ತಿರುವ ವಿಷಯ', 'ಅಂತೆ', 'ಕಂತೆ' ಎಂಬಲ್ಲಿಯೇ ನಿಲ್ಲುತ್ತಾನೆ. ಹಿಟ್ಟಿನಲ್ಲಿ ಕಲ್ಲಿನ ಪುಡಿ ಎಂಬುದು ನಿರ್ದಿಷ್ಟವಾದ ಮಾತಾಗಿತ್ತು. ನಾವು ಅದನ್ನು ಗಮನಿಸಲಿಲ್ಲ.

2. ಪರಿಹಾರದ ಬೇಡಿಕೆ ಇದೆಯೇ? ದೂರುದಾರನಿಗೆ ದುರಸ್ತಿ, ಬದಲಿ ಸರಕು, ಹಣ ಅಥವಾ ಕನಿಷ್ಠ ಒಂದು ಕ್ಷಮೆ ಬೇಕಾಗಿರುತ್ತದೆ. ಕಿಡಿಗೇಡಿಗೆ ನೀವು ಏನು ಕೊಟ್ಟರೂ ಬೇಡ. ನಿಮ್ಮ ಕೋಪವೊಂದೇ ಬೇಕು.

3. ಉತ್ತರ ಕೊಟ್ಟ ಮೇಲೆ ಏನಾಗುತ್ತದೆ? ಸಮರ್ಪಕವಾದ ಉತ್ತರ ದೊರೆತರೆ ದೂರುದಾರನ ಮಾತು ಮುಂದುವರಿಯುತ್ತದೆ ಅಥವಾ ಮುಗಿಯುತ್ತದೆ. ಕಿಡಿಗೇಡಿಯು ಹಳೆಯ ವಿಷಯವನ್ನು ಅಲ್ಲಿಯೇ ಬಿಟ್ಟು ಹೊಸದೊಂದನ್ನು ಎತ್ತುತ್ತಾನೆ.

4. ಮಾತು ಸರಕಿನ ಮೇಲೋ, ಮನುಷ್ಯನ ಮೇಲೋ? ದರ, ತೂಕ, ಗುಣಮಟ್ಟಗಳನ್ನು ಬಿಟ್ಟು ಮಾಲೀಕನ ಜಾತಿ, ಮನೆತನ, ಹೆಣ್ಣುಮಕ್ಕಳು ಇವುಗಳತ್ತ ಮಾತು ಹೊರಳಿದರೆ ಅಲ್ಲಿಗೆ ಅನುಮಾನಕ್ಕೆ ಕಾರಣವಿದೆ.

5. ಹಿಂದಿನ ನಡತೆ ಏನು? ಅದೇ ಹೆಸರಿನಿಂದ ಅದೇ ವಾರದಲ್ಲಿ ಒಂದೇ ಬಗೆಯ ಹತ್ತು ಅಂಗಡಿಗಳ ಮೇಲೆ ನಿಂದನೆ ಬಂದಿದೆಯೇ? ನಿಮ್ಮ ಮೇಲೆ ಒಂದೇ ದಿನದಲ್ಲಿ ಅನೇಕ ಹೊಸ ಖಾತೆಗಳಿಂದ ನಿಂದನೆ ಬಂದಿದೆಯೇ? ಇವು ಯೋಜಿತ ಕೃತ್ಯದ ಲಕ್ಷಣಗಳು.

ಹೆಸರು, ಭಾವಚಿತ್ರ ಇಲ್ಲವೆಂಬುದೊಂದೇ ನಿರ್ಣಾಯಕ ಕಾರಣವಲ್ಲ. ಅನೇಕ ಸಭ್ಯ ಗೃಹಸ್ಥರೂ, ಅದರಲ್ಲಿಯೂ ಮಹಿಳೆಯರು, ಮುನ್ನೆಚ್ಚರಿಕೆಗಾಗಿ ತಮ್ಮ ಪೂರ್ಣ ಹೆಸರನ್ನು ಕೊಡುವುದಿಲ್ಲ.

ನಿಭಾಯಿಸುವ ಕ್ರಮ

ಮೊದಲನೆಯದಾಗಿ, ಕೂಡಲೇ ಉತ್ತರಿಸಬಾರದು. ರಾತ್ರಿ ಬಂದ ಸಂದೇಶಕ್ಕೆ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದ ಮೇಲೆ ಉತ್ತರಿಸತಕ್ಕದ್ದು. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎಂಬುದು ಮೊಬೈಲಿಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಅಳಿಸಿದ ಮಾತಿನ ಚಿತ್ರವು ಯಾರದೋ ಫೋನಿನಲ್ಲಿ ಉಳಿದೇ ಇರುತ್ತದೆ.

ಎರಡನೆಯದಾಗಿ, ದಾಖಲೆಯನ್ನು ಕಾಪಾಡಬೇಕು. ಸಂದೇಶ, ಕಳುಹಿಸಿದ ಸಂಖ್ಯೆ ಅಥವಾ ಖಾತೆಯ ಹೆಸರು, ದಿನಾಂಕ, ವೇಳೆ ಇವೆಲ್ಲ ಕಾಣುವಂತೆ ಪರದೆಯ ಚಿತ್ರವನ್ನು ತೆಗೆದಿಡಬೇಕು. ಮೂಲ ಸಂಭಾಷಣೆಯನ್ನು ಅಳಿಸಬಾರದು. ಆ ಫೋನನ್ನು ಮಾರಲೂಬಾರದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ, ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವಾಗ ನಿಗದಿತ ನಮೂನೆಯ ಪ್ರಮಾಣಪತ್ರ ಅಗತ್ಯ. ಅದರ ಒಂದು ಭಾಗಕ್ಕೆ ಹಾಜರುಪಡಿಸುವವರೂ ಇನ್ನೊಂದು ಭಾಗಕ್ಕೆ ತಜ್ಞರೂ ಸಹಿ ಮಾಡಬೇಕು.

ಮೂರನೆಯದಾಗಿ, ಒಂದೇ ಒಂದು ಬಾರಿ ಉತ್ತರಿಸಬೇಕು. ದೂರಿನ ಸ್ವರೂಪದ ಮಾತಾಗಿದ್ದರೆ ಉತ್ತರ ಹೀಗಿರಬಹುದು: "ಮಾನ್ಯರೇ, ತಮ್ಮ ದೂರನ್ನು ಓದಿದ್ದೇವೆ. ಬಿಲ್ಲಿನ ಸಂಖ್ಯೆ ಹಾಗೂ ಖರೀದಿಯ ದಿನಾಂಕವನ್ನು ನಮ್ಮ ಅಂಗಡಿಯ ದೂರವಾಣಿಗೆ ತಿಳಿಸಿದಲ್ಲಿ ಎರಡು ದಿನಗಳೊಳಗೆ ಪರಿಶೀಲಿಸುತ್ತೇವೆ. ದೋಷ ನಮ್ಮದಾಗಿದ್ದರೆ ಸರಿಪಡಿಸುವ ಹೊಣೆಯೂ ನಮ್ಮದೇ." ಈ ಉತ್ತರದ ವಿಶೇಷವೆಂದರೆ, ನಿಜವಾದ ಗ್ರಾಹಕನು ಬಿಲ್ಲು ಹಿಡಿದು ಬರುತ್ತಾನೆ; ಕಿಡಿಗೇಡಿಯು ಬರುವುದಿಲ್ಲ. ವಿಂಗಡಣೆಯ ಕೆಲಸವನ್ನು ಉತ್ತರವೇ ಮಾಡಿಕೊಡುತ್ತದೆ. ಇನ್ನು ಪತ್ತಿನ ಕುರಿತ ವದಂತಿಯಾಗಿದ್ದರೆ: "ನಮ್ಮ ಸಂಸ್ಥೆಯ ಬಗ್ಗೆ ಬಂದಿರುವ ಮಾತು ಸತ್ಯವಲ್ಲ. ನಮ್ಮೊಂದಿಗೆ ವ್ಯವಹಾರವಿರುವವರು ಅಂಗಡಿಗೆ ಬಂದು ವಿಚಾರಿಸಬಹುದು. ಈ ವಿಷಯವಾಗಿ ಇಲ್ಲಿ ಮತ್ತೆ ಬರೆಯುವುದಿಲ್ಲ."

ನಾಲ್ಕನೆಯದಾಗಿ, ಬರೆದಂತೆ ನಡೆದುಕೊಳ್ಳಬೇಕು. ಎರಡನೆಯ, ಮೂರನೆಯ ಪ್ರಚೋದನೆಗೆ ಮೌನವೇ ಉತ್ತರ. ಕೊಚ್ಚೆಗೆ ಕಲ್ಲೆಸೆದರೆ ಸಿಡಿಯುವುದು ಎಸೆದವನ ಮುಖಕ್ಕೇ.

ಐದನೆಯದಾಗಿ, ಯಾರ ನಂಬಿಕೆಯಿಂದ ನಮ್ಮ ವ್ಯಾಪಾರ ನಡೆಯುತ್ತದೆಯೋ ಅವರೊಂದಿಗೆ ನೇರವಾಗಿ ಮಾತನಾಡಬೇಕು. ಈ ಹೆಜ್ಜೆಯನ್ನು ಬಹುತೇಕರು ಮರೆಯುತ್ತಾರೆ. ಬಳಗದಲ್ಲಿರುವ ಇನ್ನೂರು ಮಂದಿಯಲ್ಲಿ ನಿಮಗೆ ಉದ್ದರಿ ಕೊಡುವವರು ಐದಾರು ಮಂದಿ ಇರಬಹುದು. ಕಿಡಿಗೇಡಿಯನ್ನು ಒಪ್ಪಿಸುವ ಅಗತ್ಯ ನಮಗಿಲ್ಲ; ಈ ಐದಾರು ಮಂದಿಗೆ ವಿಷಯ ಮನವರಿಕೆಯಾದರೆ ಸಾಕು. ಅವರಿಗೆ ಅಂದೇ ದೂರವಾಣಿ ಮಾಡಬೇಕು. ಸಾಧ್ಯವಾದರೆ ಕಾಗದಪತ್ರಗಳೊಂದಿಗೆ ಖುದ್ದಾಗಿ ಹೋಗಬೇಕು. ಬ್ಯಾಂಕಿನ ವ್ಯವಸ್ಥಾಪಕರಿಗೂ ವಿಷಯವನ್ನು ನಾವೇ ಮೊದಲು ತಿಳಿಸುವುದು ಲೇಸು.

ಆರನೆಯದಾಗಿ, ಸುಳ್ಳಿಗೆ ಸುಳ್ಳಿನಿಂದ ಉತ್ತರ ಕೊಡಬಾರದು. ಕೆಟ್ಟ ಅಭಿಪ್ರಾಯವನ್ನು ಕೆಳಗೆ ತಳ್ಳುವ ಸಲುವಾಗಿ ನೌಕರರು, ನೆಂಟರ ಹೆಸರಿನಲ್ಲಿ ಐದು ನಕ್ಷತ್ರಗಳನ್ನು ಹಾಕಿಸುವ ಪದ್ಧತಿ ಬೆಳೆಯುತ್ತಿದೆ. ಮಾರಾಟಗಾರನು ತಾನೇ ಗ್ರಾಹಕನ ಸೋಗಿನಲ್ಲಿ ಅಭಿಪ್ರಾಯ ಬರೆಯುವುದನ್ನು 2020ರ ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳು ನಿಷೇಧಿಸಿವೆ. ಅಂತರ್ಜಾಲದ ಗ್ರಾಹಕ ಅಭಿಪ್ರಾಯಗಳ ಸಂಗ್ರಹ, ಪರಿಶೀಲನೆ ಹಾಗೂ ಪ್ರಕಟಣೆಯ ಕುರಿತು ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐ.ಎಸ್. 19000 ಎಂಬ ಮಾನಕವನ್ನೂ ಪ್ರಕಟಿಸಿದೆ. ಕಾನೂನು ಹಾಗಿರಲಿ, ಹುಸಿ ಪ್ರಶಂಸೆಯು ಒಮ್ಮೆ ಬಯಲಾದರೆ ನಿಜವಾದ ಪ್ರಶಂಸೆಯನ್ನೂ ಯಾರೂ ನಂಬುವುದಿಲ್ಲ.

ಬಳಗದ ನಿರ್ವಾಹಕರ ಹೊಣೆ

ವರ್ತಕರ ಬಳಗಗಳನ್ನು ನಡೆಸುವವರು ಅಂಗಡಿಯ ಆಂತರಿಕ ನಿಯಂತ್ರಣದಂತೆಯೇ ಕೆಲವು ನಿಯಮಗಳನ್ನು ಮೊದಲೇ ಮಾಡಿಕೊಳ್ಳಬೇಕು. ಪರಿಚಿತ ಸದಸ್ಯರೊಬ್ಬರ ಶಿಫಾರಸಿಲ್ಲದೆ ಹೊಸಬರನ್ನು ಸೇರಿಸಿಕೊಳ್ಳಬಾರದು. ಪ್ರತಿಯೊಬ್ಬರೂ ತಮ್ಮ ಹೆಸರು ಹಾಗೂ ಅಂಗಡಿಯ ಹೆಸರನ್ನು ತಿಳಿಸಿರಬೇಕು. ಇನ್ನೊಬ್ಬ ಸದಸ್ಯನ ಪತ್ತು, ಚೆಕ್ಕು, ಸಾಲಗಳ ವಿಷಯವನ್ನು ಬಳಗದಲ್ಲಿ ಎತ್ತಕೂಡದು. ನಿಜವಾಗಿಯೂ ಚೆಕ್ಕು ಅಮಾನ್ಯವಾಗಿದ್ದರೆ ಅದಕ್ಕೆ ವರ್ಗಾವಣೀಯ ಪತ್ರಗಳ ಅಧಿನಿಯಮದ 138ನೆಯ ಕಲಮು ಇದೆ. ವಾಟ್ಸ್‌ಆ್ಯಪ್‌ನಲ್ಲಿ ನಿರ್ವಾಹಕರು ಮಾತ್ರ ಸಂದೇಶ ಕಳುಹಿಸುವಂತೆ ಬಳಗವನ್ನು ಮುಚ್ಚುವ ಸೌಲಭ್ಯ 2018ರಿಂದಲೂ, ಯಾವುದೇ ಸದಸ್ಯನ ಸಂದೇಶವನ್ನು ಎಲ್ಲರಿಗೂ ಕಾಣದಂತೆ ಅಳಿಸುವ ಅಧಿಕಾರ 2022ರಿಂದಲೂ ನಿರ್ವಾಹಕರಿಗೆ ದೊರೆತಿದೆ. ಜಗಳ ಹೊತ್ತಿಕೊಂಡ ರಾತ್ರಿ ಬಳಗವನ್ನು ಬೆಳಗಿನವರೆಗೆ ಮುಚ್ಚುವುದು ಅತ್ಯುತ್ತಮ ಕ್ರಮ. ಕೆಟ್ಟ ಮೇಲ್ಪಂಕ್ತಿಯನ್ನು ಕಂಡೇ ಒಳ್ಳೆಯವರೂ ಕೆಡುತ್ತಾರೆಂಬುದನ್ನು ಮೇಲೆ ನೋಡಿದ್ದೇವೆ. ಅಳಿಸುವ ಮೊದಲು ಸಂದೇಶದ ಪ್ರತಿಯನ್ನು ತೆಗೆದಿಟ್ಟುಕೊಳ್ಳಲು ಮಾತ್ರ ಮರೆಯಬಾರದು.

ಸದಸ್ಯನೊಬ್ಬನು ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ, ನಿರ್ವಾಹಕನೆಂಬ ಒಂದೇ ಕಾರಣದಿಂದ ನಿರ್ವಾಹಕನನ್ನು ಹೊಣೆ ಮಾಡಲಾಗದೆಂದು ಬಾಂಬೆ ಉಚ್ಚ ನ್ಯಾಯಾಲಯದ ನಾಗಪುರ ಪೀಠವು 2021ರಲ್ಲಿಯೂ ಕೇರಳ ಉಚ್ಚ ನ್ಯಾಯಾಲಯವು 2022ರಲ್ಲಿಯೂ ತೀರ್ಪು ನೀಡಿವೆ. ಆದರೆ ನಿರ್ವಾಹಕನೇ ಅದಕ್ಕೆ ಕುಮ್ಮಕ್ಕು ಕೊಟ್ಟಿದ್ದರೆ ಈ ರಕ್ಷಣೆಯನ್ನು ನೆಚ್ಚಿಕೊಳ್ಳುವಂತಿಲ್ಲ.

ಕಾನೂನಿನ ಆಸರೆ ಎಷ್ಟು?

ಅಂತರ್ಜಾಲದಲ್ಲಿ ಬೈದರೆ ಪೊಲೀಸರು ಬಂಧಿಸುತ್ತಾರೆಂಬ ನಂಬಿಕೆ ಇಂದಿಗೂ ಹಲವರಲ್ಲಿದೆ. ಅದಕ್ಕೆ ಆಧಾರವಾಗಿದ್ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 66ಎ ಕಲಮನ್ನು ಸರ್ವೋಚ್ಚ ನ್ಯಾಯಾಲಯವು ಶ್ರೇಯಾ ಸಿಂಘಲ್ ಪ್ರಕರಣದಲ್ಲಿ 2015ರ ಮಾರ್ಚ್ 24ರಂದು ರದ್ದುಪಡಿಸಿದೆ. ಆ ಕಲಮಿನಡಿ ದೂರು ಬರೆಸುವ ಪ್ರಯತ್ನ ವ್ಯರ್ಥ.

ಈಗ ಮಾನಹಾನಿಗೆ ಅನ್ವಯಿಸುವುದು ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮು. ಒಬ್ಬನ ಪತ್ತನ್ನು ಕುಂದಿಸುವ ಮಾತೂ ಮಾನಹಾನಿಯ ವ್ಯಾಪ್ತಿಗೆ ಬರುತ್ತದೆಂದು ಅದರ ವಿವರಣೆಯಲ್ಲಿಯೇ ಹೇಳಿರುವುದು ವರ್ತಕರು ಗಮನಿಸಬೇಕಾದ ಸಂಗತಿ. ಶಿಕ್ಷೆ ಎರಡು ವರ್ಷಗಳವರೆಗಿನ ಸಾದಾ ಕಾರಾಗೃಹವಾಸ, ದಂಡ, ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆ. ಆದರೆ ಇದರಲ್ಲಿ ಪೊಲೀಸರು ತಾವಾಗಿ ಪ್ರಕರಣ ದಾಖಲಿಸಿ ಬಂಧಿಸುವಂತಿಲ್ಲ. ಬಾಧಿತನು ಮ್ಯಾಜಿಸ್ಟ್ರೇಟರ ಮುಂದೆ ದೂರು ಸಲ್ಲಿಸಬೇಕು. ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯ, ತನ್ನ ಹಿತರಕ್ಷಣೆಗಾಗಿ ಸದ್ಭಾವನೆಯಿಂದ ಆಡಿದ ಮಾತು, ಇನ್ನೊಬ್ಬನ ಒಳಿತಿಗಾಗಿ ಸದ್ಭಾವನೆಯಿಂದ ಕೊಟ್ಟ ಎಚ್ಚರಿಕೆ ಇವುಗಳಿಗೆ ವಿನಾಯಿತಿಯೂ ಇದೆ. ಲಿಖಿತ ಮಾನಹಾನಿಗೆ ಸಿವಿಲ್ ನ್ಯಾಯಾಲಯದಲ್ಲಿ ಪರಿಹಾರ ಕೋರುವುದಾದರೆ, ಪ್ರಕಟವಾದ ದಿನದಿಂದ ಒಂದು ವರ್ಷದೊಳಗೆ ದಾವೆ ಹೂಡಬೇಕು.

'ಇಂತಿಷ್ಟು ಕೊಟ್ಟರೆ ಅಳಿಸುತ್ತೇನೆ' ಎಂಬ ಬೇಡಿಕೆ ಬಂದರೆ ಅದು ಕಿಡಿಗೇಡಿತನದ ಎಲ್ಲೆಯನ್ನು ದಾಟಿ ಸುಲಿಗೆಯಾಗುತ್ತದೆ. ಆಗ ಭಾರತೀಯ ನ್ಯಾಯ ಸಂಹಿತೆಯ 308ನೆಯ ಕಲಮು, ಜೀವ ಅಥವಾ ಆಸ್ತಿಗೆ ಬೆದರಿಕೆ ಒಡ್ಡಿದರೆ 351ನೆಯ ಕಲಮು ಅನ್ವಯಿಸುತ್ತವೆ. ಇಂಥ ಸಂದರ್ಭದಲ್ಲಿ ಹಣ ಕೊಡದೆ, ಜಿಲ್ಲೆಯ ಸೈಬರ್ ಅಪರಾಧ ಠಾಣೆಗೆ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲಿಗೆ ದೂರು ನೀಡಬೇಕು. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು.

ವೇದಿಕೆ ನಡೆಸುವ ಸಂಸ್ಥೆಗಳಿಗೂ ಹೊಣೆಯಿದೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಅವು ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಅವರ ವಿವರವನ್ನು ಪ್ರಕಟಿಸಬೇಕು. ನಿಯಮಗಳು ಬಂದಾಗ 24 ಗಂಟೆಗಳಲ್ಲಿ ಸ್ವೀಕೃತಿ, 15 ದಿನಗಳಲ್ಲಿ ಇತ್ಯರ್ಥ ಎಂದು ನಿಗದಿಯಾಗಿತ್ತು. ಇಂಥ ಕಾಲಮಿತಿಗಳು ತಿದ್ದುಪಡಿಗೆ ಒಳಗಾಗುವುದರಿಂದ, ದೂರು ಕೊಡುವ ದಿನ ಜಾರಿಯಲ್ಲಿರುವ ಅವಧಿಯನ್ನು ನೋಡಿಕೊಳ್ಳುವುದು ಕ್ಷೇಮ. ಅಧಿಕಾರಿಯ ನಿರ್ಣಯದಿಂದ ಸಮಾಧಾನವಾಗದಿದ್ದಲ್ಲಿ, ಕೇಂದ್ರ ಸರ್ಕಾರವು 2023ರಲ್ಲಿ ರಚಿಸಿದ ಕುಂದುಕೊರತೆ ಮೇಲ್ಮನವಿ ಸಮಿತಿಗಳಿಗೆ ಮನವಿ ಸಲ್ಲಿಸಬಹುದು.

ಆದರೂ ನನ್ನ ಅನುಭವದ ಸಲಹೆ ಇಷ್ಟೇ: ನ್ಯಾಯಾಲಯವು ಕೊನೆಯ ಮೆಟ್ಟಿಲಾಗಿರಲಿ. ಮೊಕದ್ದಮೆಯ ಖರ್ಚು, ಓಡಾಟ ಹಾಗೂ ವರ್ಷಗಳನ್ನು ಒಂದು ಕಡೆಗೂ, ಆಗಿರುವ ನಷ್ಟವನ್ನು ಇನ್ನೊಂದು ಕಡೆಗೂ ಬರೆದು ನೋಡಿ ನಿರ್ಧರಿಸಬೇಕು.

ಮುಕ್ತಾಯ

ಕಬ್ಬಿಣದ ವ್ಯಾಪಾರಿಗಳ ಪ್ರಸಂಗ ಹೇಗೆ ಮುಗಿಯಿತೆಂದು ಓದುಗರು ಕೇಳಬಹುದು. ನಾಲ್ಕನೆಯ ದಿನ ನಾವಿಬ್ಬರೂ ಕುಳಿತು ಅವರಿಗೆ ಉದ್ದರಿ ಕೊಡುವವರ ಪಟ್ಟಿಯನ್ನು ಮಾಡಿದೆವು. ಇದ್ದವರು ಆರು ಮಂದಿ. ಅವರು ಒಂದು ವರ್ಷದ ಬ್ಯಾಂಕ್ ಲೆಕ್ಕಪಟ್ಟಿಯನ್ನು ಹಿಡಿದುಕೊಂಡು ಆರು ಮಂದಿಯ ಬಳಿಗೂ ತಾವೇ ಹೋಗಿ ಬಂದರು. ಬಳಗದಲ್ಲಿ ಬೈದದ್ದಕ್ಕಾಗಿ ಅನುಮಾನಕ್ಕೆ ಗುರಿಯಾಗಿದ್ದ ಸ್ಪರ್ಧಿಯ ಅಂಗಡಿಗೂ ಹೋಗಿ ಕ್ಷಮೆ ಕೇಳಿದರು. ಐದು ಮಂದಿ ಮೊದಲಿನಂತೆಯೇ ವ್ಯವಹಾರ ಮುಂದುವರಿಸಿದರು. ಒಬ್ಬರು ಮಾತ್ರ ಇಂದಿಗೂ ಮುಂಗಡವಿಲ್ಲದೆ ಸರಕು ಕಳುಹಿಸುತ್ತಿಲ್ಲ. ಸಂದೇಶ ಕಳುಹಿಸಿದವನು ಯಾರೆಂಬುದು ಕೊನೆಗೂ ತಿಳಿಯಲಿಲ್ಲ. ಮರುದಿನವೇ ಆತ ಬಳಗದಿಂದ ಹೊರಟುಹೋಗಿದ್ದನು.

ಆ ಅಪರಿಚಿತನು ಬರೆದದ್ದು ಒಂದು ಸಾಲು. ನಮ್ಮವರು ಬರೆದದ್ದು ಹನ್ನೊಂದು. ಆ ಒಂದು ಸಾಲನ್ನು ತಡೆಯುವುದು ಯಾರ ಕೈಯಲ್ಲಿಯೂ ಇರಲಿಲ್ಲ. ಹನ್ನೊಂದನ್ನು ತಡೆಯುವುದು ನಮ್ಮ ಕೈಯಲ್ಲಿತ್ತು. ಪತ್ತನ್ನು ಗಳಿಸಿದ್ದು ಕೊಡುಕೊಳ್ಳುವಿಕೆಯ ನಡತೆಯಿಂದ. ಕುಂದು ಬಂದಾಗ ಅದನ್ನು ಉಳಿಸಿಕೊಡಬಲ್ಲದ್ದೂ ಆ ನಡತೆ ಮತ್ತು ಅದನ್ನು ತೋರಿಸುವ ಕಾಗದಪತ್ರಗಳೇ. ಸದಸ್ಯ ಬಾಂಧವರು ತಮ್ಮ ಲೆಕ್ಕಪತ್ರಗಳನ್ನು ಸದಾ ಸಿದ್ಧವಾಗಿಟ್ಟುಕೊಂಡು, ಮೊಬೈಲನ್ನು ಮಾತ್ರ ರಾತ್ರಿ ಹತ್ತರ ನಂತರ ದೂರವಿಡುವುದು ಒಳಿತೆಂದು ವಿನಂತಿಸಿಕೊಳ್ಳುತ್ತೇನೆ.